ಸೆಪ್ಟಿಕ್ ಟ್ಯಾಂಕಿಗೆ ಜಾಗ: ಎರಿ ಪ್ಲಾಟೋ, ಕಲ್ಲು ನೆಲವೋ?

ಪ್ರಶ್ನೆ: ನಾವು ಬಾಗಲಕೋಟೆ ತಾಲ್ಲೂಕಿನವರು. ಮನೆ ಕಟ್ಟಲು ಎರಡು ಜಾಗ ನೋಡಿದ್ದೇವೆ. ಒಂದು, ಎರಿ (ಕಪ್ಪು ಮಣ್ಣಿನ) ಹೊಲವನ್ನು ಎನ್‌ಎ (ಕೃಷಿಯೇತರ) ಮಾಡಿಸಿ ಹಾಕಿದ ಲೇಔಟಿನಲ್ಲಿ 30×40 ಅಡಿಯ ಪ್ಲಾಟು. ಇನ್ನೊಂದು, ಊರ ಹೊರಗೆ ಗುಡ್ಡದ ಬದಿಗೆ 4 ಗುಂಟೆ. ಅದು ಕಲ್ಲು ನೆಲ. ಪಕ್ಕದವರ ಬೋರ್ ನಮ್ಮ ಗಡಿಯಿಂದ ಸುಮಾರು 40 ಅಡಿ ದೂರದಲ್ಲಿದೆ. ಎರಡೂ ಕಡೆ ಒಳಚರಂಡಿ ಇಲ್ಲ. ಮನೆಯಲ್ಲಿ ಐದು ಜನ. "ಎಲ್ಲಿ ಬೇಕಾದರೂ ಒಂದು ಗುಂಡಿ ತೋಡಿದರೆ ಆಯ್ತು, ಅದೇನು ದೊಡ್ಡ ಮಾತು" ಎಂದು ಗೌಂಡಿ ಹೇಳುತ್ತಾರೆ. ಸಂಚಕಾರ ಕೊಡುವ ಮೊದಲು ಏನೇನು ನೋಡಬೇಕು? ಎರಡರಲ್ಲಿ ಯಾವುದು ಒಳ್ಳೆಯದು?

ಉತ್ತರ: ಹಣ ಕೊಡುವ ಮೊದಲೇ ಕೇಳಿದ್ದೀರಿ, ಬಹಳ ಒಳ್ಳೆಯದಾಯಿತು. ಮನೆ ಎದ್ದು ನಿಂತ ಮೇಲೆ ಈ ಪ್ರಶ್ನೆಗೆ ಅಗ್ಗದ ಉತ್ತರ ಇರುವುದಿಲ್ಲ.

ಟ್ಯಾಂಕಿನ ಮಟ್ಟಿಗೆ ಗೌಂಡಿ ಹೇಳಿದ್ದು ನಿಜ. ಅದನ್ನು ಎಲ್ಲಿ ಬೇಕಾದರೂ ಕಟ್ಟಬಹುದು. ಆದರೆ ಟ್ಯಾಂಕು ನೀರನ್ನು ನುಂಗುವುದಿಲ್ಲ. ಗಟ್ಟಿ ಹೊಲಸು ತಳಕ್ಕೆ ಕೂರುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ನಡುವಿನ ನೀರು ಹೊರಗೆ ಹರಿಯುತ್ತದೆ. ದಿನಕ್ಕೆ 500 ಲೀಟರ್ ಒಳಗೆ ಹೋದರೆ 500 ಲೀಟರ್ ಹೊರಗೆ ಬರಲೇಬೇಕು. ನೋಡಲು ತಿಳಿಯಾಗಿದ್ದರೂ ಅದರಲ್ಲಿ ರೋಗದ ಕ್ರಿಮಿ ಹಾಗೇ ಇರುತ್ತದೆ. ಅದನ್ನು ಶುದ್ಧ ಮಾಡುವುದು ಹೊರಗಿನ ಮಣ್ಣು. ಹಾಗಾಗಿ ಟ್ಯಾಂಕಿಗೆ ಜಾಗ ಇದೆಯೋ ಇಲ್ಲವೋ ಎನ್ನುವುದು ಆಮೇಲಿನ ಮಾತು. ಹೊರಬಿದ್ದ ನೀರು ಎಲ್ಲಿಗೆ ಹೋಗುತ್ತದೆ, ಹೋಗುವ ದಾರಿಯಲ್ಲಿ ಅದಕ್ಕೆ ಸಾಕಷ್ಟು ಮಣ್ಣು ಸಿಗುತ್ತದೆಯೋ ಇಲ್ಲವೋ, ಅದನ್ನು ಮೊದಲು ನೋಡಿ.

ನಿಮ್ಮ ಎರಡೂ ಜಾಗಗಳಲ್ಲಿ ತೊಂದರೆ ಇದೆ, ಆದರೆ ಒಂದಕ್ಕೊಂದು ತದ್ವಿರುದ್ಧ. ಎರಿ ನೆಲ ನೀರು ಕುಡಿಯುವುದೇ ಇಲ್ಲ. ಕಲ್ಲು ನೆಲ ಗಟಗಟ ಕುಡಿದು ಸೀದಾ ಕೆಳಗೆ ಬಿಡುತ್ತದೆ. ನಮ್ಮ ಕಡೆ ಎಲ್ಲರೂ ಹೆದರುವುದು ಮೊದಲನೆಯದಕ್ಕೆ, ಯಾಕೆಂದರೆ ಅದು ಕಣ್ಣಿಗೆ ಕಾಣುತ್ತದೆ, ಮೂಗಿಗೆ ಬಡಿಯುತ್ತದೆ. ನನಗೆ ಜಾಸ್ತಿ ಹೆದರಿಕೆ ಎರಡನೆಯದರದ್ದು.

ಮೊದಲು ಎರಿ ಪ್ಲಾಟಿನ ವಿಷಯ. ಎರಿ ಮಣ್ಣಿನಲ್ಲಿರುವ ಜೇಡಿ ನೀರು ಸಿಕ್ಕರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಹೊಲದ ಬಿರುಕಿಗೆ ಕೈ ಹಾಕಿದರೆ ಮೊಣಕೈವರೆಗೆ ಹೋಗುತ್ತದಲ್ವಾ? ಆಗ ಒಂದು ಕೊಡ ನೀರು ಸುರಿದರೆ ಕ್ಷಣದಲ್ಲಿ ಮಾಯ. ಪ್ಲಾಟು ಮಾರುವವರು ಹೀಗೆ ಸುರಿದು ತೋರಿಸಿ "ನೋಡ್ರಿ, ಎಷ್ಟು ಚಲೋ ಇಂಗ್ತದ" ಎನ್ನಬಹುದು. ನಂಬಬೇಡಿ. ಆ ನೀರು ಇಳಿದದ್ದು ಬಿರುಕಿನೊಳಗೆ, ಮಣ್ಣಿನೊಳಗೆ ಅಲ್ಲ. ಒಂದು ದಿನ ನೆನೆದರೆ ಬಿರುಕು ಮುಚ್ಚಿಕೊಳ್ಳುತ್ತದೆ, ಆಮೇಲೆ ನೀರು ಕದಲುವುದಿಲ್ಲ. ಟ್ಯಾಂಕಿನಿಂದ ಹೊರಬಿದ್ದ ನೀರು ಇಂಗಲು ತೋಡುವ ಇಂಗು ಗುಂಡಿಯ ಸುತ್ತಲಿನ ಮಣ್ಣು ವರ್ಷಪೂರ್ತಿ ನೆನೆದೇ ಇರುತ್ತದೆ. ಆದ್ದರಿಂದ ನಿಮಗೆ ಬೇಕಾದದ್ದು ನೆನೆದ ಮಣ್ಣಿನ ಲೆಕ್ಕ.

ಆದರೂ ಎರಿ ಎಂದ ಕೂಡಲೇ ಬಿಟ್ಟುಬಿಡಬೇಕಾಗಿಲ್ಲ. ನಮ್ಮ ಭಾಗದ ಎಷ್ಟೋ ಕಡೆ ನಾಲ್ಕೈದು ಅಡಿ ಎರಿಯ ಕೆಳಗೆ ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಮಣ್ಣು ಇರುತ್ತದೆ. ಗರಸು ಚೆನ್ನಾಗಿ ನೀರು ಎಳೆಯುತ್ತದೆ. ಕೆಲವು ಕಡೆ ಹತ್ತಡಿ ಹೋದರೂ ಎರಿಯೇ. ಮೇಲೆ ನಿಂತು ಇದನ್ನು ಯಾರೂ ಹೇಳಲಾರರು. ಮಾಲೀಕರ ಒಪ್ಪಿಗೆ ತೆಗೆದುಕೊಂಡು ಜೆಸಿಬಿ ತರಿಸಿ, ಹತ್ತಡಿ ಆಳದ ಒಂದು ಗುಂಡಿ ತೆಗೆಸಿ. ಒಂದೆರಡು ತಾಸಿನ ಬಾಡಿಗೆ. ಲಕ್ಷಾಂತರ ರೂಪಾಯಿಯ ಜಾಗಕ್ಕೆ ಅದು ದೊಡ್ಡ ಖರ್ಚಲ್ಲ. ಅಗೆಯಲು ಬಿಡುವುದೇ ಇಲ್ಲ ಎನ್ನುವವರ ಜಾಗವನ್ನು ನಾನಾದರೆ ಕೊಳ್ಳುವುದಿಲ್ಲ.

ಗುಂಡಿಯ ಅಂಚಿನಲ್ಲಿ ನಿಂತು ಗೋಡೆ ನೋಡಿ. ಒಳಗೆ ಇಳಿಯಬೇಡಿ, ಎರಿ ಗೋಡೆ ಕುಸಿಯುತ್ತದೆ. ಯಾವ ಆಳಕ್ಕೆ ಬಣ್ಣ ಬದಲಾಯಿತು, ಗರಸು ಎಲ್ಲಿ ಶುರುವಾಯಿತು, ಗಟ್ಟಿ ಬಂಡೆ ಎಲ್ಲಿ ಹತ್ತಿತು ಎಂದು ಟೇಪು ಬಿಟ್ಟು ಬರೆದುಕೊಳ್ಳಿ. ಪ್ರತಿ ಪದರದ ಒಂದು ಹಿಡಿ ಮಣ್ಣು ತರಿಸಿ ನೀರು ಹಾಕಿ ನಾದಿ, ಹೆಬ್ಬೆರಳು–ತೋರುಬೆರಳ ನಡುವೆ ಒತ್ತಿ ಪಟ್ಟಿ ಎಳೆಯಿರಿ. ಎರಡು ಇಂಚಿಗಿಂತ ಉದ್ದದ ಪಟ್ಟಿ ಮುರಿಯದೆ ಬಂದರೆ ಅದು ಜೇಡಿ, ನೀರು ಎಳೆಯುವುದಿಲ್ಲ. ಪಟ್ಟಿಯೇ ಬಾರದೆ ಪುಡಿಯಾದರೆ ಮರಳು ಅಥವಾ ಗರಸು. ಗೋಡೆಯಲ್ಲಿ ಬೂದು ಮತ್ತು ಕಂದು ಬಣ್ಣದ ಚುಕ್ಕೆ ಒಂದರೊಳಗೊಂದು ಬೆರೆತು ಕಂಡರೆ ಮಳೆಗಾಲದಲ್ಲಿ ಅಲ್ಲಿಯವರೆಗೆ ನೀರು ನಿಲ್ಲುತ್ತದೆ ಎಂದು ಅರ್ಥ. ಬೇಸಿಗೆಯಲ್ಲಿ ಗುಂಡಿ ಒಣಗಿದ್ದರೂ ಈ ಗುರುತು ಇರುತ್ತದೆ. ನೀರಿನ ಮಟ್ಟ ನೆಲದಿಂದ 1.8 ಮೀಟರ್, ಅಂದರೆ ಆರಡಿಗಿಂತ ಮೇಲೆ ಬರುವ ಜಾಗದಲ್ಲಿ ಇಂಗು ಗುಂಡಿ ಮಾಡಲೇಬಾರದು.

ಇನ್ನು ಇಂಗುವ ಪರೀಕ್ಷೆ. ಭಾರತೀಯ ಮಾನಕ ಸಂಸ್ಥೆಯ ಐಎಸ್ 2470ರ ಎರಡನೇ ಭಾಗದಲ್ಲಿ ಈ ಕ್ರಮ ಇದೆ, ಮನೆಯವರೇ ಮಾಡಬಹುದು. ಇಂಗು ಗುಂಡಿ ಅಥವಾ ಇಂಗು ಕಾಲುವೆ (ನೀರು ಹರಡಿ ಇಂಗಲು ತೋಡುವ ಉದ್ದನೆಯ ತಗ್ಗು) ಬರುವ ಆಳಕ್ಕೆ 10ರಿಂದ 30 ಸೆಂ.ಮೀ. ಅಗಲದ ತೂತು ತೋಡಿ. ಸನಿಕೆಯಿಂದ ಮೆತ್ತಿಕೊಂಡ ಗೋಡೆಯನ್ನು ಚೂಪಾದ ಕೋಲಿನಿಂದ ಗೀರಿ, ಸಡಿಲ ಮಣ್ಣು ತೆಗೆದುಹಾಕಿ. ತಳಕ್ಕೆ 5 ಸೆಂ.ಮೀ. ಸಣ್ಣ ಕಡಿ (ಜಲ್ಲಿ) ಹಾಸಿ. ಅದರ ಮೇಲೆ ಒಂದಡಿ ನೀರು ತುಂಬಿ, 24 ತಾಸು ನೆನೆಯಲು ಬಿಡಿ. ಕಡಿಮೆಯಾದಂತೆ ತುಂಬುತ್ತಿರಿ. ಎರಿಯಾದರೆ ನಾನು ಎರಡು ದಿನ ನೆನೆಸಿ ಎನ್ನುತ್ತೇನೆ. ಮರುದಿನ ಕಡಿಯ ಮೇಲೆ 15 ಸೆಂ.ಮೀ. ನೀರು ಇರುವಂತೆ ಮಾಡಿ, ಅರ್ಧ ತಾಸಿನಲ್ಲಿ ಎಷ್ಟು ಇಳಿಯಿತು ಎಂದು ಅಳೆಯಿರಿ. ಅದರಿಂದ 25 ಮಿ.ಮೀ. ಇಳಿಯಲು ಎಷ್ಟು ನಿಮಿಷ ಬೇಕು ಎಂದು ಲೆಕ್ಕ ಹಾಕಿ. ರಾತ್ರಿ ತುಂಬಿದ ನೀರು ಬೆಳಿಗ್ಗೆ ಪೂರ್ತಿ ಖಾಲಿಯಾಗಿದ್ದರೆ ನಾಲ್ಕು ತಾಸು, ಅರ್ಧರ್ಧ ತಾಸಿಗೊಮ್ಮೆ ತುಂಬಿ ಅಳೆಯಿರಿ. ಕೊನೆಯ ಅರ್ಧ ತಾಸಿನ ಲೆಕ್ಕವೇ ನಿಮ್ಮ ಲೆಕ್ಕ. ಒಂದೇ ತೂತು ಸಾಲದು. ಜಾಗದ ಎರಡು ಮೂರು ಕಡೆ ಮಾಡಿ.

ಆ ನಿಮಿಷದ ಲೆಕ್ಕ ಎಲ್ಲವನ್ನೂ ಹೇಳುತ್ತದೆ. 25 ಮಿ.ಮೀ. ಇಳಿಯಲು 10 ನಿಮಿಷ ಬೇಕಾದರೆ ಒಂದು ಚದರ ಮೀಟರ್ ನೆಲ ದಿನಕ್ಕೆ ಸುಮಾರು 65 ಲೀಟರ್ ತೆಗೆದುಕೊಳ್ಳುತ್ತದೆ. 30 ನಿಮಿಷವಾದರೆ 37 ಲೀಟರ್. 60 ನಿಮಿಷವಾದರೆ 26 ಮಾತ್ರ. 30 ದಾಟಿದರೆ ಇಂಗು ಗುಂಡಿಯ ಆಸೆ ಬಿಟ್ಟು ಇಂಗು ಕಾಲುವೆ ಮಾಡಬೇಕು. 60 ದಾಟಿದರೆ ಕಾಲುವೆಯ ಆಸೆಯನ್ನೂ ಬಿಡಬೇಕು.

ನಿಮ್ಮ ಮನೆಗೆ ಲೆಕ್ಕ ಮಾಡೋಣ. ಐದು ಜನ, ತಲಾ 100 ಲೀಟರ್, ಒಟ್ಟು 500. ಐದಡಿ ಅಗಲದ ದುಂಡು ಗುಂಡಿಯಲ್ಲಿ ಪೈಪಿನ ಕೆಳಗೆ ಎಂಟಡಿ ಆಳ ಸಿಕ್ಕರೆ ಅದರ ಗೋಡೆ ಸುಮಾರು 11.7 ಚದರ ಮೀಟರ್ ಆಗುತ್ತದೆ. 10 ನಿಮಿಷದ ನೆಲದಲ್ಲಿ ಎಂಟು ಚದರ ಮೀಟರಿಗೂ ಕಡಿಮೆ ಸಾಕು, ಒಂದೇ ಗುಂಡಿಯಲ್ಲಿ ಮುಗಿಯಿತು. 30 ನಿಮಿಷದ ನೆಲದಲ್ಲಿ 13.5 ಬೇಕು, ಅಂದರೆ ಎರಡು ಗುಂಡಿ. ಆದರೆ ಸ್ನಾನದ, ಬಟ್ಟೆ ಒಗೆದ ನೀರನ್ನು ಬೇರೆ ಪೈಪಿನಲ್ಲಿ ಬಾಳೆ, ತೆಂಗಿಗೆ ಬಿಟ್ಟರೆ? ಶೌಚಾಲಯದ ನೀರು ಅಂದಾಜು 200 ಲೀಟರಿಗೆ ಇಳಿಯುತ್ತದೆ. ಆಗ 30 ನಿಮಿಷದ ನೆಲದಲ್ಲೂ ಐದೂವರೆ ಚದರ ಮೀಟರ್ ಸಾಕು. ಬಚ್ಚಲು ನೀರನ್ನು ಗಿಡಕ್ಕೆ ಬಿಡುವುದು ನಮ್ಮ ಹಿರಿಯರ ಕಾಲದಿಂದ ಇದೆ. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಬೀಳುವ ಊರಿನಲ್ಲಿ ಆ ನೀರನ್ನು ಹೊಲಸಿನ ಜೊತೆ ಬೆರೆಸಿ ಕಳೆದುಕೊಳ್ಳುವುದು ನನಗಂತೂ ಸಂಕಟದ ವಿಷಯ. ಅಡುಗೆಮನೆಯ ನೀರಿಗೆ ಮಾತ್ರ ನಡುವೆ ಒಂದು ಸಣ್ಣ ಜಿಡ್ಡು ತಡೆಯುವ ಚೇಂಬರ್ ಇರಲಿ.

ಈಗ ಅಂತರದ ಮಾತು. ಇಂಗು ಗುಂಡಿ ಕುಡಿಯುವ ನೀರಿನ ಬಾವಿ, ಬೋರಿನಿಂದ ಕನಿಷ್ಠ 18 ಮೀಟರ್, ಅಂದರೆ 60 ಅಡಿ ದೂರ ಇರಬೇಕು. ಮನೆಯ ಪಾಯದಿಂದ 6 ಮೀಟರ್, 20 ಅಡಿ. 30×40 ಪ್ಲಾಟಿನ ಮೂಲೆಯಿಂದ ಮೂಲೆಗೆ ಅಳೆದರೂ 50 ಅಡಿಯೇ. ಅಂದರೆ ಆ ಪ್ಲಾಟಿನಲ್ಲಿ ನಿಮ್ಮದೇ ಬೋರ್, ನಿಮ್ಮದೇ ಇಂಗು ಗುಂಡಿ ಎರಡನ್ನೂ ನಿಯಮದಂತೆ ಇಡಲು ಆಗುವುದೇ ಇಲ್ಲ. ಜೊತೆಗೆ ಅಕ್ಕಪಕ್ಕದ ಪ್ಲಾಟಿನವರೂ ಇದನ್ನೇ ಮಾಡುತ್ತಾರೆ. ಇವತ್ತು ಖಾಲಿ ಇರುವ ಲೇಔಟು ಹತ್ತು ವರ್ಷದ ಮೇಲೆ ಮನೆಗಳಿಂದ ತುಂಬಿದಾಗ ಪ್ರತಿ 40 ಅಡಿಗೆ ಒಂದು ಗುಂಡಿ, ಒಂದು ಬೋರ್ ಇರುತ್ತದೆ.

ಇಲ್ಲಿ ವಾಸ್ತುವಿನದೂ ಒಂದು ಮಾತಿದೆ. ಬೋರು ಈಶಾನ್ಯಕ್ಕೆ, ಸೆಪ್ಟಿಕ್ ಟ್ಯಾಂಕು ವಾಯವ್ಯಕ್ಕೆ ಎಂದು ಎಲ್ಲರೂ ಇಡುತ್ತಾರೆ. ಮನೆಯವರ ನಂಬಿಕೆಗೆ ನಾನು ಅಡ್ಡ ಬರುವುದಿಲ್ಲ. ಆದರೆ ಪ್ಲಾಟುಗಳು ಸಾಲಾಗಿ ಇರುವಾಗ ನಿಮ್ಮ ವಾಯವ್ಯ ಮೂಲೆ ಪಶ್ಚಿಮದ ಮನೆಯವರ ಈಶಾನ್ಯ ಮೂಲೆಗೆ ತಾಗಿಕೊಂಡಿರುತ್ತದೆ. ನಿಮ್ಮ ಗುಂಡಿ, ಅವರ ಬೋರು, ನಡುವೆ ಒಂದು ಕಾಂಪೌಂಡ್ ಗೋಡೆ. ಪೂರ್ವದ ಮನೆಯವರ ಗುಂಡಿಗೂ ನಿಮ್ಮ ಬೋರಿಗೂ ಇದೇ ಕಥೆ. ಆದ್ದರಿಂದ ನಿಮ್ಮ ಗಡಿಯೊಳಗಿನ ಅಂತರ ಅಷ್ಟೇ ಅಲ್ಲ, ಗೋಡೆಯಾಚೆ ಏನಿದೆ ಎಂಬುದನ್ನೂ ಟೇಪು ಹಿಡಿದು ಅಳೆಯಬೇಕು.

ಗುಡ್ಡದ ಬದಿಯ ಜಾಗಕ್ಕೆ ಬರೋಣ. ಬಾಗಲಕೋಟೆ ಸುತ್ತ ಸುಣ್ಣದ ಕಲ್ಲು, ಬಾದಾಮಿ ಕಡೆ ಮರಳುಗಲ್ಲು, ಇಳಕಲ್ ಕಡೆ ಗ್ರಾನೈಟ್, ವಿಜಯಪುರಕ್ಕೆ ಹೋದರೆ ಕಪ್ಪು ಕಲ್ಲು. ಕಲ್ಲು ಯಾವುದೇ ಇರಲಿ, ಮೇಲಿನ ಪದರದಲ್ಲಿ ಸೀಳು ಇರುತ್ತದೆ. ಬೋರಿಗೆ ನೀರು ಬರುವುದೇ ಆ ಸೀಳುಗಳಿಂದ. ಅದೇ ಸೀಳಿಗೆ ಸೆಪ್ಟಿಕ್ ನೀರು ಇಳಿದರೆ ದಾರಿಯಲ್ಲಿ ಶುದ್ಧ ಮಾಡಲು ಮಣ್ಣೇ ಇಲ್ಲ. ಇಂಥ ನೆಲದಲ್ಲಿ ಪರೀಕ್ಷೆಯ ತೂತಿಗೆ ಎಷ್ಟು ನೀರು ಹಾಕಿದರೂ ಸರ್ ಎಂದು ಇಳಿದುಹೋಗುತ್ತದೆ. ಗೌಂಡಿ ಖುಷಿಪಡುತ್ತಾರೆ, ನೀವು ಖುಷಿಪಡಬೇಡಿ. 60 ಅಡಿಯ ನಿಯಮ ಮಣ್ಣಿನ ನೆಲಕ್ಕೆ ಬರೆದದ್ದು. ಸೀಳುಗಲ್ಲಿನಲ್ಲಿ ಹೊಲಸು ಅದಕ್ಕಿಂತ ಬಹಳ ದೂರ ಹೋಗುತ್ತದೆ.

ಆದ್ದರಿಂದ ಒಪ್ಪಿಗೆ ಹೇಳುವ ಮೊದಲು ಪಕ್ಕದವರ ಬೋರಿನ ನೀರನ್ನು ಪರೀಕ್ಷೆಗೆ ಕಳಿಸಿ. ನೈಟ್ರೇಟ್ ಮತ್ತು ಇ. ಕೋಲಿ ಎರಡನ್ನೂ ಕೇಳಿ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು, 100 ಮಿ.ಲೀ. ನೀರಿನಲ್ಲಿ ಇ. ಕೋಲಿ ಒಂದೂ ಇರಬಾರದು. ನೈಟ್ರೇಟ್ ಹೊಲದ ಗೊಬ್ಬರದಿಂದಲೂ ಬರುತ್ತದೆ. ಆದರೆ ಎರಡೂ ಒಟ್ಟಿಗೆ ಸಿಕ್ಕರೆ ಸುತ್ತಲಿನ ಗುಂಡಿಗಳು ಆಗಲೇ ಬೋರಿಗೆ ಸೇರುತ್ತಿವೆ ಎಂದು ಬಲವಾಗಿ ಅನುಮಾನಿಸಬೇಕು. ನೀರು ಕಾಯಿಸಿದರೆ ಕ್ರಿಮಿ ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ದಟ್ಟವಾಗುತ್ತದೆ. ಬಾಟಲಿ ಹಾಲು ಕುಡಿಯುವ ಕೂಸುಗಳಿಗೆ ಇದು ಜೀವಕ್ಕೇ ಅಪಾಯ.

ಹಾಗೆಯೇ, ಬತ್ತಿದ ಬೋರಿಗೆ ಸೆಪ್ಟಿಕ್ ಪೈಪು ಬಿಟ್ಟರೆ ಟ್ಯಾಂಕು ಎಂದೂ ತುಂಬುವುದಿಲ್ಲ ಎಂದು ಯಾರಾದರೂ ಉಪಾಯ ಹೇಳಬಹುದು. ದಯವಿಟ್ಟು ಒಪ್ಪಬೇಡಿ. ಅದು ಇಡೀ ಓಣಿಯ ನೀರಿಗೆ ಹೊಲಸು ಸೇರಿಸುವ ಕೆಲಸ. ಒಮ್ಮೆ ಕೆಟ್ಟ ಅಂತರ್ಜಲವನ್ನು ಸರಿ ಮಾಡಲು ಯಾರ ಕೈಯಲ್ಲೂ ಆಗುವುದಿಲ್ಲ.

ನದಿ, ಕಾಲುವೆ ಹತ್ತಿರ ಜಾಗ ನೋಡುತ್ತಿರುವ ಬೇರೆ ಓದುಗರಿಗೂ ಎರಡು ಮಾತು. ಜಮಖಂಡಿ, ಮುಧೋಳ, ಅಥಣಿ, ರಾಯಬಾಗದ ನೀರಾವರಿ ಭಾಗದಲ್ಲಿ ಸವಳು–ಜವಳು ಹಿಡಿದ ನೆಲ ಬಹಳ ಇದೆ. ನೆಲದ ಮೇಲೆ ಬಿಳಿ ಉಪ್ಪಿನ ಪೊರೆ, ಬದುವಿನಲ್ಲಿ ಜೊಂಡು ಕಂಡರೆ ಕೆಳಗೆ ನೀರು ಹತ್ತಿರದಲ್ಲೇ ಇದೆ. ಕಾಲುವೆಗೆ ನೀರು ಬಿಟ್ಟ ಕಾಲದಲ್ಲೇ ಹೋಗಿ ಹತ್ತಿರದ ತೆರೆದ ಬಾವಿಯಲ್ಲಿ ಮಟ್ಟ ನೋಡಿ. ಘಟಪ್ರಭಾ, ಮಲಪ್ರಭಾ, ಕೃಷ್ಣೆಯ ದಂಡೆಯ ಊರಾದರೆ 2019ರ ಆಗಸ್ಟ್‌ನಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ನೆರೆಯವರನ್ನು ಕೇಳಿ, ಗೋಡೆಯ ಗುರುತು ತೋರಿಸಲು ಹೇಳಿ. ಖಾನಾಪುರದ ಕಡೆ ಕೆಂಪು ಜಂಬಿಟ್ಟಿಗೆ ನೆಲ, ಮಳೆ ಜಾಸ್ತಿ. ಮೇ ತಿಂಗಳಲ್ಲಿ ಆಳಕ್ಕೆ ಇಳಿದ ಬಾವಿ ಜುಲೈಯಲ್ಲಿ ಕೈಗೆ ಎಟುಕುವಷ್ಟು ಮೇಲೆ ಬರಬಹುದು. ಅಲ್ಲಿ ಮಳೆಗಾಲದ ಮಟ್ಟವನ್ನೇ ಹಿಡಿಯಬೇಕು.

ಇನ್ನು ನಿಮ್ಮ ಆಯ್ಕೆ. ಎರಿ ಪ್ಲಾಟಿಗೆ ನನ್ನ ಮನಸ್ಸು ಒಪ್ಪುವುದು ಒಂದೇ ಸಂದರ್ಭದಲ್ಲಿ: ಲೇಔಟಿನ ಮಂಜೂರಾತಿ ನಕ್ಷೆಯಲ್ಲಿ ಒಳಚರಂಡಿ ಇದ್ದು, ಅದು ನಿಜವಾಗಿ ನೆಲದಲ್ಲೂ ಆಗುತ್ತಿರಬೇಕು. ನಕ್ಷೆಯ ಪ್ರತಿ ಕೇಳಿ ಪಡೆಯಿರಿ. ಬಾಯಿಮಾತು ಬೇಡ. ಅದು ಇಲ್ಲದೆ, ಗುಂಡಿಯಲ್ಲಿ ಹತ್ತಡಿಯೂ ಎರಿಯೇ ಸಿಕ್ಕರೆ, ಸುಮ್ನೆ ಬಿಟ್ಟುಬಿಡಿ.

4 ಗುಂಟೆಯ ಜಾಗವನ್ನು ನಾನು ಆರಿಸುತ್ತೇನೆ, ಆದರೆ ಗುಂಡಿಯ ಬದಲು ಇಂಗು ಕಾಲುವೆ ಮಾಡುವ ಷರತ್ತಿನ ಮೇಲೆ. ಗುಂಡಿ ಆಳಕ್ಕೆ ಹೋಗಿ ಸೀಳಿಗೆ ತಾಗುತ್ತದೆ. ಕಾಲುವೆ ಎರಡು ಮೂರು ಅಡಿ ಆಳದಲ್ಲೇ ನೀರನ್ನು ಹರಡುತ್ತದೆ. ಆಳದಲ್ಲಿ ಸಾಕಷ್ಟು ಮಣ್ಣು, ಗರಸು ಇದ್ದರೆ ಹಾಗೇ ಮಾಡಬಹುದು. ಎರಡಡಿಗೇ ಬಂಡೆ ಹತ್ತಿದರೆ ಮಸಾರಿ (ಕೆಂಪು) ಮಣ್ಣು, ಮರಳು ಬೆರೆಸಿ ಮೂರಡಿ ಎತ್ತರದ ದಿಬ್ಬ ಮಾಡಿ ಅದರೊಳಗೆ ತೂತಿನ ಪೈಪು ಹಾಕಬೇಕು. ಖರ್ಚು ಬರುತ್ತದೆ, ಆದರೆ ನೀರು ಬಂಡೆ ಮುಟ್ಟುವ ಮೊದಲು ಮಣ್ಣಿನಲ್ಲಿ ಸೋಸುತ್ತದೆ. ಶೌಚಾಲಯದ 200 ಲೀಟರ್ ಮಾತ್ರವಾದರೆ 30 ನಿಮಿಷದ ನೆಲದಲ್ಲಿ ಎರಡಡಿ ಅಗಲ, 30 ಅಡಿ ಉದ್ದದ ಒಂದು ಕಾಲುವೆ ಸಾಕು.

ನಿಮ್ಮ 4 ಗುಂಟೆ ಚೌಕವಾಗಿದ್ದರೆ ಬದಿ 66 ಅಡಿ. ಬೋರಿನಿಂದ ದೂರದ ಗಡಿಗೆ 106 ಅಡಿ. ಆ ಗಡಿಯಿಂದ ಐದಾರು ಅಡಿ ಒಳಗೆ ಕಾಲುವೆ ಬಂದರೆ ಬೋರಿಗೆ ಸುಮಾರು 100 ಅಡಿ ಉಳಿಯುತ್ತದೆ. ಪಾಯಕ್ಕೆ 20 ಅಡಿ ಬಿಟ್ಟರೂ ಮನೆಗೆ ಜಾಗ ಇದೆ. ಆದರೆ ಇಳಿಜಾರು ಯಾವ ಕಡೆ ಎಂದು ನೋಡಿ. ಕಾಲುವೆ ಮೇಲೆ, ಬೋರು ಕೆಳಗೆ ಆದರೆ 100 ಅಡಿಯನ್ನೂ ನಾನು ನಂಬುವುದಿಲ್ಲ, ಆಗ ಈ ಜಾಗವೂ ಬೇಡ. ದೂರದ ಗಡಿಯಾಚೆ ಇನ್ನೊಬ್ಬರ ಬಾವಿ ಇದೆಯೋ ಅದನ್ನೂ ವಿಚಾರಿಸಿ. ಕಾಲುವೆಯನ್ನು ಇಳಿಜಾರಿಗೆ ಅಡ್ಡಲಾಗಿ, ಸಮಮಟ್ಟದಲ್ಲಿ ತೆಗೆಯಬೇಕು. ಗುಡ್ಡದಿಂದ ಬರುವ ಮಳೆನೀರು ಅದರ ಮೇಲೆ ನುಗ್ಗದಂತೆ ಮೇಲ್ಗಡೆ ಒಂದು ಬದು ಹಾಕಿಸಿ.

ಟ್ಯಾಂಕಿನ ಅಳತೆ ಐಎಸ್ 2470ರ ಮೊದಲ ಭಾಗದಲ್ಲಿದೆ. ಐದು ಜನಕ್ಕೆ 1.5 ಮೀಟರ್ ಉದ್ದ, 0.75 ಮೀಟರ್ ಅಗಲ, ಒಂದು ಮೀಟರ್ ನೀರಿನ ಆಳ, ಮೇಲೆ 30 ಸೆಂ.ಮೀ. ಖಾಲಿ. ಮದುವೆ, ಜಾತ್ರೆ, ನೆಂಟರು ಎಂದು ನೆನೆದರೆ ನಾನು ಹತ್ತು ಜನದ ಅಳತೆ ಹಿಡಿಯಿರಿ ಎನ್ನುತ್ತೇನೆ: ಎರಡು ಮೀಟರ್ ಉದ್ದ, 0.9 ಅಗಲ, ಅದೇ ಆಳ. ಎರಡು ವರ್ಷಕ್ಕೊಮ್ಮೆ ಖಾಲಿ ಮಾಡಿಸುವ ಲೆಕ್ಕ ಇದು. ತಳ ಕಾಂಕ್ರೀಟ್ ಆಗಿರಲೇಬೇಕು. "ತಳ ಬಿಟ್ಟರೆ ತುಂಬೋದೇ ಇಲ್ಲ" ಎನ್ನುವುದು ಬೋರು ಕೆಡಿಸುವ ದಾರಿ.

ಖಾಲಿ ಮಾಡಲು ಗಾಡಿ ಬರಬೇಕಲ್ವಾ? ರಸ್ತೆ ಹತ್ತಡಿ ಅಗಲವಾದರೂ ಇದೆಯೋ, ಗಾಡಿಯ ಪೈಪು ಟ್ಯಾಂಕಿನ ಮುಚ್ಚಳ ಮುಟ್ಟುತ್ತದೆಯೋ, ಈಗಲೇ ನೋಡಿ. ಗಾಡಿ ಬಾರದ ಮನೆಗಳಲ್ಲೇ ಜನರನ್ನು ಒಳಗೆ ಇಳಿಸುವ ಪಾಪ ನಡೆಯುತ್ತದೆ. ಮಲ ಹೊರುವ ಪದ್ಧತಿ ತಡೆಯುವ 2013ರ ಕಾಯ್ದೆ ಅದನ್ನು ನಿಷೇಧಿಸಿದೆ. ಒಳಗಿನ ವಿಷಗಾಳಿಗೆ ಒಂದೆರಡು ಉಸಿರಿನಲ್ಲೇ ಮನುಷ್ಯ ಬೀಳುತ್ತಾನೆ, ಎತ್ತಲು ಇಳಿದವನೂ ಬೀಳುತ್ತಾನೆ.

ಪರೀಕ್ಷೆಗೆ ಒಳ್ಳೆಯ ಕಾಲ ಸೆಪ್ಟೆಂಬರ್–ಅಕ್ಟೋಬರ್. ಅಷ್ಟು ಕಾಯಲು ಆಗದಿದ್ದರೆ ನೆನೆಸುವ ದಿನ ಹೆಚ್ಚಿಸಿ. ಜೆಸಿಬಿ ಗುಂಡಿಯನ್ನು ಅದೇ ದಿನ ಮುಚ್ಚಿಸಿ, ಪರೀಕ್ಷೆಯ ತೂತುಗಳ ಮೇಲೆ ಭಾರದ ಫರಸಿ ಇಡಿ. ಬಯಲಲ್ಲಿ ಮಕ್ಕಳು, ಕುರಿ, ದನ ಓಡಾಡುತ್ತವೆ. ಪದರಗಳ ಆಳ, ಮೂರೂ ತೂತಿನ ನಿಮಿಷದ ಲೆಕ್ಕ, ಬೋರಿನ ನೀರಿನ ವರದಿ ಮತ್ತು ಇಳಿಜಾರಿನ ದಿಕ್ಕು ಗುರುತಿಸಿದ ಒಂದು ಕೈನಕ್ಷೆ ಕಳಿಸಿದರೆ, ಕಾಲುವೆ ಎಲ್ಲಿ ಬರಬೇಕು ಎಂದು ಗುರುತು ಹಾಕಿ ಕೊಡುತ್ತೇನೆ.